36 ಗ್ರಾಂ ಕಾಫಿಯ ಸಂಸಾರ

ಎಸ್ಪ್ರೆಸೊ ಎಂಬ ಗಟ್ಟಿ ಕಾಫಿಯ ಹವ್ಯಾಸಿಗಳು ತಮ್ಮ ಮನೆಯ ಯಂತ್ರ ಮತ್ತು ಗ್ರೈಂಡರ್‌ಗಳ ಚಿತ್ರಗಳನ್ನು ಪರಸ್ಪರ ಹಂಚಿಕೊಳ್ಳುವಾಗ ಒಂದು ನಿಯಮವನ್ನು ತಪ್ಪದೆ ಪಾಲಿಸುತ್ತಾರೆ: ಚಿತ್ರದಲ್ಲಿ ಕಾಫಿ ಪುಡಿಯ ಒಂದು ಕಣವೂ ಕಾಣಬಾರದು. ಉಕ್ಕಿನ ಮೈ ಮಿರಮಿರನೆ ಮಿಂಚಬೇಕು, ಪುಡಿ ಒತ್ತುವ ಟ್ಯಾಂಪರ್ ನೆಟ್ಟಗೆ ನಿಂತಿರಬೇಕು, ಹಿಂದಿನ ಗೋಡೆ ಬೆಳ್ಳಗಿರಬೇಕು. ಗೋಡೆ ಎಷ್ಟು ಅಗಲಕ್ಕೆ ಬೆಳ್ಳಗಿದೆಯೋ ಚಿತ್ರವೂ ಅಷ್ಟೇ ಅಗಲವಾಗಿರುತ್ತದೆ ಎಂಬುದು ಈ ವ್ಯವಹಾರದಲ್ಲಿ ಪಳಗಿದವರಿಗೆ ಮಾತ್ರ ತಿಳಿಯುವ ಗುಟ್ಟು. ನಮ್ಮ ಮನೆಯ ಗೋಡೆಯ ಈಗಿನ ಸ್ಥಿತಿಯಲ್ಲಿ ಬಹಳ ಕಿರಿದಾದ ಚಿತ್ರವಷ್ಟೇ ಸಾಧ್ಯ.

ಇದಕ್ಕೆ ಕಾರಣ ತಳವಿಲ್ಲದ ಪೋರ್ಟಾಫಿಲ್ಟರ್. ಪೋರ್ಟಾಫಿಲ್ಟರ್ ಎಂದರೆ ಪುಡಿ ತುಂಬಿದ ಜಾಲರಿ ಬಟ್ಟಲನ್ನು ಯಂತ್ರಕ್ಕೆ ಸಿಕ್ಕಿಸುವ ಹಿಡಿಕೆ. ಸುಮಾರು 9 ಬಾರ್ ಒತ್ತಡದಲ್ಲಿ ನುಗ್ಗುವ ಬಿಸಿನೀರು, ಒತ್ತಿಟ್ಟ ಪುಡಿಯಲ್ಲಿ ಎಲ್ಲಿ ಸಡಿಲವಿದೆಯೋ ಅಲ್ಲೇ ದಾರಿ ಕೊರೆದುಕೊಂಡು ಹೊರಬೀಳುತ್ತದೆ. ಸಾಮಾನ್ಯ ಪೋರ್ಟಾಫಿಲ್ಟರ್ ಈ ದೋಷವನ್ನು ಮನೆತನದ ಮರ್ಯಾದೆ ಕಾಪಾಡುವಂತೆ ಒಳಗೇ ಮುಚ್ಚಿಡುತ್ತದೆ. ತಳವಿಲ್ಲದ್ದು ಎಲ್ಲವನ್ನೂ ಬಯಲಿಗೆಳೆಯುತ್ತದೆ. ಕಾಫಿ ಜೇನಿನ ಬಣ್ಣದ ಒಂದೇ ಎಳೆಯಾಗಿ ಇಳಿಯುವುದನ್ನು ನೋಡಲು ನಮ್ಮ ಭಾವ ಬಗ್ಗಿ ನಿಂತ ದಿನ, ಒಂದು ಎಳೆ ನಿಜಕ್ಕೂ ಹಾಗೆಯೇ ಇಳಿಯಿತು. ಇನ್ನೊಂದು, ಸೂಜಿಯಷ್ಟು ಸಣ್ಣದು, ಅವರ ಅಂಗಿಯ ಜೇಬಿಗೂ ಅಲ್ಲಿಂದ ಗೋಡೆಗೂ ಹಾರಿತು. ಪುಡಿ ಸಮನಾಗಿ ಹರಡಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇರೊಂದಿಲ್ಲವೆಂದು ನಾನು ವಿವರಿಸುತ್ತಿದ್ದಾಗ ಅವರು ಸೋಪು ಕೇಳಿದರು.

ಪುಡಿಯನ್ನು ಸಮನಾಗಿ ಹರಡುವುದಕ್ಕೂ ಉಪಾಯಗಳಿವೆ. ತೆಳ್ಳನೆಯ ಸೂಜಿಗಳಿಂದ ಪುಡಿಯನ್ನು ಕಲಕಿ ಗಂಟು ಬಿಡಿಸುವ ಕ್ರಮವನ್ನು 2005ರಲ್ಲಿ ಜಾನ್ ವೈಸ್ ಎಂಬ ಹವ್ಯಾಸಿ ಪ್ರಚಾರಕ್ಕೆ ತಂದರು. ಬೀಸುವ ಮುನ್ನ ಬೀಜಗಳಿಗೆ ಒಂದೆರಡು ಹನಿ ನೀರು ತಾಗಿಸಿದರೆ ಸ್ಥಾಯಿ ವಿದ್ಯುತ್ತು ತಗ್ಗಿ, ಪುಡಿ ಎಲ್ಲೆಂದರಲ್ಲಿ ಅಂಟುವುದಿಲ್ಲವೆಂಬ ಹವ್ಯಾಸಿಗಳ ನಂಬಿಕೆಗೆ 2023ರಲ್ಲಿ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು ವಿಜ್ಞಾನದ ಮುದ್ರೆಯನ್ನೂ ಒತ್ತಿದರು. ಆ ಸುದ್ದಿಯನ್ನು ಮನೆಯಲ್ಲಿ ಸಂಭ್ರಮದಿಂದ ಓದಿ ಹೇಳಿದೆ. ಬೀಜಕ್ಕೆ ಸಿಂಪಡಿಸಲು ಇಟ್ಟಿದ್ದ ಪುಟ್ಟ ಬಾಟಲಿ ಮಾತ್ರ ಆ ಹೊತ್ತಿಗೆ ಮಗಳ ಇಸ್ತ್ರಿ ಕೆಲಸಕ್ಕೆ ಹೋಗಿತ್ತು.

ಯಂತ್ರಕ್ಕಿಂತ ಮೊದಲು ಗ್ರೈಂಡರ್‌ಗೆ ಹಣ ಹಾಕಬೇಕೆಂದು ಅನುಭವಿಗಳೆಲ್ಲ ಒಂದೇ ಬಾಯಲ್ಲಿ ಹೇಳುತ್ತಾರೆ. ಈ ಲೋಕದಲ್ಲಿ ಅವರು ಒಮ್ಮತಕ್ಕೆ ಬಂದಿರುವ ವಿಷಯ ಇದೊಂದೇ ಇರಬೇಕು. 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡುಗಳಲ್ಲಿ ಇಳಿಯಬೇಕೆಂಬುದು ಎಲ್ಲರೂ ಹಿಡಿದು ಹೊರಡುವ ಲೆಕ್ಕ. ಪುಡಿ ತುಸು ದಪ್ಪವಾದರೆ ನೀರು ಓಡಿ ಕಾಫಿ ಹುಳಿಯಾಗುತ್ತದೆ, ತುಸು ನುಣ್ಣಗಾದರೆ ತಡೆದು ತಡೆದು ಇಳಿದು ಕಹಿಯಾಗುತ್ತದೆ. ಈ ಎರಡರ ನಡುವಿನ ಅಂತರ ಗ್ರೈಂಡರ್‌ನ ತಿರುಗಣೆಯಲ್ಲಿ ಕೂದಲೆಳೆಯಷ್ಟು. ಬೀಜ ಹಳತಾದಂತೆ ಆ ಜಾಗವೂ ಸರಿಯುತ್ತ ಹೋಗುವುದರಿಂದ, ಸರಿಯಾದ ಗೆರೆ ಸಿಕ್ಕ ದಿನ ಹವ್ಯಾಸಿಯ ಮುಖದಲ್ಲಿ ಕಾಣುವ ಕಳೆ ಮಕ್ಕಳ ಪರೀಕ್ಷಾ ಫಲಿತಾಂಶ ಬಂದ ದಿನವೂ ಕಾಣುವುದಿಲ್ಲ. ಅಂಥದೊಂದು ಕಳೆಯನ್ನು ಹೊತ್ತು ಸಂಜೆ ಮನೆಗೆ ಬಂದಾಗ, ಧೂಳು ಒರೆಸುತ್ತಿದ್ದ ಹೆಂಡತಿ ಹೇಳಿದಳು: "ರೀ, ಆ ತಿರುಗಣೆ ಓರೆಯಾಗಿ ನಿಂತಿತ್ತು. ಸೊನ್ನೆಗೆ ತಂದು ನೆಟ್ಟಗೆ ಮಾಡಿದ್ದೇನೆ." ಅವಳ ದೃಷ್ಟಿಯಲ್ಲಿ ಅದು ಉಪಕಾರ, ಮತ್ತು ನೋಟಕ್ಕೆ ಅದು ನೆಟ್ಟಗೆ ನಿಂತಿದ್ದುದೂ ಸತ್ಯವೇ.

1884ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಆಂಜೆಲೊ ಮೊರಿಯೊಂಡೊ ತನ್ನ ಹಬೆಯ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ಕಾಫಿಯನ್ನು ತಕ್ಷಣ ತಯಾರಿಸುವುದಕ್ಕಾಗಿ. ಈಗ ಹವ್ಯಾಸಿಗಳು ಮನೆಗೆ ತರಲು ಹಂಬಲಿಸುವ ಯಂತ್ರಗಳಲ್ಲಿ ಅನೇಕವು, ಫಯೇಮಾ ಕಂಪನಿ 1961ರಲ್ಲಿ ಹೊರತಂದ ಇ61 ಎಂಬ ಯಂತ್ರದ, ಪುಡಿಗೆ ನೀರು ಹಾಯಿಸುವ ಹಿತ್ತಾಳೆಯ ಭಾರೀ ತಲೆಯನ್ನೇ ಹೊತ್ತಿರುತ್ತವೆ. ಆ ಲೋಹವೆಲ್ಲ ಚೆನ್ನಾಗಿ ಕಾಯಲು ಅರ್ಧ ಗಂಟೆಯಾದರೂ ಬೇಕು. ಆದ್ದರಿಂದ ನಮ್ಮಲ್ಲಿಗೆ ಬರುವವರು ಮುಂಚಿತವಾಗಿ ತಿಳಿಸಿ ಬರುವುದು ಒಳ್ಳೆಯದು.

ಹಾಗೆ ತಿಳಿಸದೆ ಬಂದ ಗೆಳೆಯರೊಬ್ಬರು, ಯಂತ್ರ ಕಾಯುವಷ್ಟು ಹೊತ್ತೂ ಗೋಡೆಯ ಕಲೆಗಳನ್ನು ನೋಡುತ್ತ ಕುಳಿತಿದ್ದರು. ಕೊನೆಗೆ ಬೀಸಿ, ಕಲಕಿ, ಒತ್ತಿ, ಬಟ್ಟಲನ್ನು ಪುಟ್ಟ ತಕ್ಕಡಿಯ ಮೇಲಿಟ್ಟು ಗುಂಡಿ ಅದುಮಿದೆ. ಕಾಫಿ ಇಳಿಯುತ್ತಿರುವಾಗಲೇ, ಬ್ಯಾಟರಿ ಉಳಿಸುವ ಸದುದ್ದೇಶದಿಂದ, ತಕ್ಕಡಿ ತಾನಾಗಿಯೇ ಆರಿಹೋಯಿತು. ಅದರೊಳಗೇ ಇದ್ದ ಗಡಿಯಾರವೂ ಜೊತೆಗೆ ಹೋಯಿತು. ತೂಕವೂ ಸಮಯವೂ ತಿಳಿಯದ ಕಾಫಿಯನ್ನು ಲೆಕ್ಕಕ್ಕೆ ಹಿಡಿಯಲಾಗದೆಂದು ಬಟ್ಟಲನ್ನು ಸಿಂಕಿನತ್ತ ಒಯ್ಯುತ್ತಿದ್ದಾಗ, "ಚೆಲ್ಲಬೇಡಿ ಮಾರಾಯರೇ, ಇಲ್ಲಿ ಕೊಡಿ" ಎಂದು ಗೆಳೆಯರು ಕೈಯಿಂದ ಕಿತ್ತುಕೊಂಡು ಕುಡಿದರು. ಕಣ್ಣು ಮುಚ್ಚಿದರು. ಇಷ್ಟು ಒಳ್ಳೆಯ ಕಾಫಿಯನ್ನು ಎಲ್ಲಿಯೂ ಕುಡಿದಿಲ್ಲವೆಂದರು. ಆಮೇಲೆ ಖಾಲಿ ಬಟ್ಟಲನ್ನು ನನ್ನ ಮುಂದೆ ಹಿಡಿದು, ಒಂದಿಷ್ಟೂ ವ್ಯತ್ಯಾಸವಾಗದಂತೆ ಇನ್ನೊಂದನ್ನು ಮಾಡಿಕೊಡಿ ಎಂದರು.