ಒತ್ತಿದರೂ ಬಾರದ ಒತ್ತು

ಮೊನ್ನೆ ಸೋಮವಾರ ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ನನ್ನ ಗುರುತೇ ಇಲ್ಲ ಅಂದುಬಿಟ್ಟಿತು. ಪಾಸ್‌ವರ್ಡ್ ತಪ್ಪಂತೆ. ಮತ್ತೆ ಹಾಕಿದೆ. ತಪ್ಪು. ಕನ್ನಡಕ ಏರಿಸಿಕೊಂಡು ಹಾಕಿದೆ. ಆಗಲೂ ತಪ್ಪು. ಪರದೆ ಮೇಲೆ ಕಾಣೋದೇ ಬರೀ ಚುಕ್ಕಿ, ಅದಕ್ಕೆ ಕನ್ನಡಕ ಯಾಕೆ ಅಂತ ಕೇಳಬೇಡಿ. ನೀವೂ ಹಾಗೇ ಮಾಡ್ತೀರಿ. ನಾಲ್ಕನೇ ಸಲ ಒಂದೊಂದೇ ಅಕ್ಷರ ಒತ್ತಿ ಚುಕ್ಕಿ ಎಣಿಸಿದೆ. ಒಂಬತ್ತು ಒತ್ತಿದ್ದಕ್ಕೆ ಎಂಟೇ ಚುಕ್ಕಿ. ಕಳ್ಳ ಸಿಕ್ಕಿಬಿದ್ದ. ಎಫ್ ಕೀ.

ಪೂರ್ತಿ ಸತ್ತಿದ್ದರೆ ಒಂದು ದಿನ ಅತ್ತು ಸುಮ್ಮನಾಗಬಹುದಿತ್ತು. ಇದು ಹಾಗಲ್ಲ. ಹತ್ತು ಸಲ ಒತ್ತಿದರೆ ಒಂದು ಸಲ ಬರುತ್ತದೆ. ಅದೂ ಸಿಟ್ಟಿನಿಂದ ಗುದ್ದಿದಾಗ. ಇನ್ನು ಬರೋದೇ ಇಲ್ಲ ಅಂತ ತೀರ್ಮಾನ ಮಾಡಿ ಕೈಬಿಟ್ಟ ಮೇಲೆ, ತಾನಾಗಿ ಎರಡೆರಡು ಬಂದು ಕೂರುತ್ತದೆ.

ಒಂದು ಕೀ ತಾನೇ, ಹೋದರೆ ಹೋಗಲಿ ಅಂತ ನಾನೂ ಅಂದುಕೊಂಡೆ. ಆದರೆ ನಾನು ಟೈಪ್ ಮಾಡುವುದು ಕನ್ನಡದಲ್ಲಿ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ, ನುಡಿ ತಂತ್ರಾಂಶದಲ್ಲಿ ನಮ್ಮಲ್ಲಿ ಎಷ್ಟೋ ಜನ ಕಲಿತದ್ದು ಅದನ್ನೇ, ಎಫ್ ಅನ್ನುವುದು ಅಕ್ಷರವೇ ಅಲ್ಲ. ಅದು ಅಂಟು. ಕ ಒತ್ತಿ, ಎಫ್ ಒತ್ತಿ, ಮತ್ತೆ ಕ ಒತ್ತಿದರೆ 'ಕ್ಕ'. ಕನ್ನಡದ ಅಷ್ಟೂ ಒತ್ತಕ್ಷರಗಳ ಭಾರ ಹೊತ್ತಿರುವುದು ಈ ಒಂದು ಗುಂಡಿ. ಬೆರಳು ಹುಡುಕದೆಯೇ ಸಿಗಲಿ ಅಂತ ಕೀಬೋರ್ಡ್ ಮಾಡುವವರು ಎಫ್ ಮತ್ತು ಜೆ ಮೇಲೆ ಸಣ್ಣ ಗೀಟೊಂದನ್ನು ಉಬ್ಬಿಸಿಟ್ಟಿರುತ್ತಾರೆ. ಈಗ ಗೀಟು ಸಿಗುತ್ತದೆ. ಒತ್ತು ಸಿಗುವುದಿಲ್ಲ.

ನನಗೆ ಪರದೆ ನೋಡಿಕೊಂಡು ಟೈಪ್ ಮಾಡಲು ಬರುವುದಿಲ್ಲ. ತಲೆ ತಗ್ಗಿಸಿ ಕೀಬೋರ್ಡ್ ನೋಡುತ್ತಾ ಹೊಡೆಯುತ್ತೇನೆ, ಎಲ್ಲ ಮುಗಿದ ಮೇಲೆ ತಲೆ ಎತ್ತುತ್ತೇನೆ. ಅವತ್ತು ತಲೆ ಎತ್ತುವ ಮೊದಲೇ ಕಳಿಸುವ ಗುಂಡಿಯನ್ನೂ ಒತ್ತಿಬಿಟ್ಟೆ. ಲೇಖನ ಕೇಳಿದ್ದ ಸಂಪಾದಕರಿಗೆ ತಲುಪಿದ ಪತ್ರ ಹೀಗಿತ್ತು: 'ನಮಸಕಾರ. ನಿಮಮ ಪತರ ತಲುಪಿತು. ನನನ ಲೇಖನ ಇನನೂ ಮುಗಿದಿಲಲ. ಸವಲಪ ಸಮಯ ಕೊಡಿ.'

ಹತ್ತೇ ನಿಮಿಷದಲ್ಲಿ ಅವರ ಫೋನು. "ಮೇಡಂ, ಹುಷಾರಾಗಿದ್ದೀರಾ? ಹಲ್ಲು ಗಿಲ್ಲು ಕೀಳಿಸಿದ್ರಾ?"

ಹಲ್ಲು ಕೀಳಿಸಿದವರು ಮಾತಾಡುವಾಗ ತೊದಲುತ್ತಾರೆಯೇ ಹೊರತು ಬರೆಯುವಾಗ ಅಲ್ಲ ಅಂತ ಹೇಳೋಣ ಅಂದುಕೊಂಡೆ. ಆದರೆ ಸಮಯ ಕೇಳಿದ್ದವಳು ನಾನು. ಬಾಯಿ ಮುಚ್ಚಿಕೊಂಡೆ. ಲೇಖನಕ್ಕೆ ಒಂದು ವಾರ ಜಾಸ್ತಿ ಸಿಕ್ಕಿತು, ಬಹುಶಃ ಹಲ್ಲಿನ ದೆಸೆಯಿಂದಲೇ.

ಒತ್ತು ಹೋದ ಮೇಲೆಯೇ ಗೊತ್ತಾಗಿದ್ದು, ನಮ್ಮ ಸಂಬಂಧಗಳೆಲ್ಲ ನಿಂತಿರುವುದು ಅದರ ಮೇಲೆ ಅಂತ. ಅಪ್ಪ ಹೋಗಿ ಅಪಪ. ಅಮ್ಮ ಅಮಮ. ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ, ಒಬ್ಬರೂ ಉಳಿಯಲಿಲ್ಲ. ತವರಿನ ಕಡೆಯಿಂದ ಬಚಾವಾಗಿದ್ದು ತಂಗಿ ಒಬ್ಬಳೇ. ಅದೇ ಗಂಡನ ಕಡೆ ನೋಡಿ. ಮಾವ, ಭಾವ, ಮೈದುನ, ನಾದಿನಿ, ಎಲ್ಲರೂ ಕೂದಲೂ ಕೊಂಕದೆ ಬಂದು ಸಾಲಾಗಿ ಕೂತರು. ಸ್ವತಃ ಗಂಡನಿಗೂ ಏನೂ ಆಗಿರಲಿಲ್ಲ. ಆ ಕಡೆ ಪೆಟ್ಟು ಬಿದ್ದಿದ್ದು ಅತ್ತೆಗೆ ಮತ್ತು ಓರಗಿತ್ತಿಗೆ. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ.

ಎರಡು ದಿನ ಒತ್ತಕ್ಷರ ಇಲ್ಲದ ಪದಗಳನ್ನೇ ಹುಡುಕಿ ಬರೆದೆ. ಇದು ಕೇಳಲು ಸುಲಭ. 'ಬರುತ್ತೇನೆ' ಅನ್ನುವ ಹಾಗಿಲ್ಲ, 'ಬರುವೆ' ಅನ್ನಬೇಕು. ತಮ್ಮನಿಗೆ ಸಂದೇಶ ಕಳಿಸಿದೆ: 'ನಾಳೆ ಬರುವೆ. ಊಟ ಬೇಡ. ಬಾಗಿಲು ತೆರೆದಿಡು.' ಅವನು ಗಾಬರಿಯಾಗಿ ಫೋನ್ ಮಾಡಿದ. "ಏನಕ್ಕಾ, ಮನೇಲಿ ಏನಾದ್ರೂ ಜಗಳನಾ? ಯಾಕೆ ಹೀಗೆ ಪದ್ಯದ ಥರ ಮಾತಾಡ್ತಿದ್ದೀಯ?"

ಇದಕ್ಕಿಂತ ದೊಡ್ಡ ಪಜೀತಿ ಬುಧವಾರ ಆಯಿತು. ಪರಿಚಯದವರೊಬ್ಬರು ಬರೆದಿದ್ದರು, ಒಂದು ಸ್ಮರಣ ಸಂಚಿಕೆಯ 140 ಪುಟ ಕರಡು ತಿದ್ದಿಕೊಡಬೇಕಂತೆ, ನಾಲ್ಕು ದಿನದಲ್ಲಿ. ಆಗುವುದಿಲ್ಲ ಅಂತ ಬರೆಯಲು ಕೂತೆ. 'ಆಗುವುದಿಲಲ' ಅಂತ ಬಂತು. ಅಳಿಸಿದೆ. 'ಸಾಧ್ಯವಿಲ್ಲ' ಅಂತ ಹೊಡೆದೆ. ಅದು ಇನ್ನೂ ಅಧ್ವಾನ, ಅದರಲ್ಲಿ ಎರಡು ಒತ್ತು. 'ಬೇಡ' ಅನ್ನಬಹುದಿತ್ತು, ಹಿರಿಯರು, ಮುಖಕ್ಕೆ ಹೊಡೆದ ಹಾಗಾಗುತ್ತೆ. 'ಆಗದು' ಅಂದರೆ ಸಿಂಹಾಸನದ ಮೇಲೆ ಕೂತು ಹೇಳಿದ ಹಾಗೆ. ಯೋಚನೆ ಮಾಡಿ ನೋಡಿ. ಕನ್ನಡದಲ್ಲಿ 'ಇಲ್ಲ' ಅನ್ನಲು ಒತ್ತು ಬೇಕೇ ಬೇಕು. ಹೂಂ, ಸರಿ, ಆಗಲಿ, ಇವು ಯಾವುದಕ್ಕೂ ಬೇಡ. ಅರ್ಧ ಗಂಟೆ ಗುದ್ದಾಡಿ ಬೆರಳು ನೋವು ಬಂದು, ಕೊನೆಗೆ 'ಆಗಲಿ' ಅಂತ ಕಳಿಸಿದೆ.

ಫೋನ್ ಮಾಡಿ ಹೇಳಬಹುದಿತ್ತಲ್ಲ ಅಂತೀರಾ? ಫೋನಿನಲ್ಲಿ ಇಲ್ಲ ಅನ್ನುವ ಧೈರ್ಯ ನನಗಿದ್ದಿದ್ದರೆ ಇವತ್ತು ನನ್ನ ಜೀವನ ಬೇರೆಯೇ ಇರುತ್ತಿತ್ತು.

ಗುರುವಾರ ತಮ್ಮ ಬಂದ. ಅವನ ಬಗ್ಗೆ ಸ್ವಲ್ಪ ಹೇಳಬೇಕು. ಅವನ ಕೆಲಸವೇ ಕಂಪ್ಯೂಟರಿನದ್ದು. ಹಾಗಾಗಿ ನನ್ನ ಲ್ಯಾಪ್‌ಟಾಪನ್ನು ಅವನು ನೋಡುವುದಿಲ್ಲ, ಪರೀಕ್ಷೆ ಮಾಡುತ್ತಾನೆ. ಮೊದಲು ಒಂದೇ ಕೈಯಲ್ಲಿ ಎತ್ತಿ ತೂಗುತ್ತಾನೆ. ಆಮೇಲೆ ಬಿಸಿಗಾಳಿ ಬರುವ ಕಿಂಡಿಗೆ ಮೂಗು ಹಿಡಿಯುತ್ತಾನೆ. ಬೆನ್ನಿಗೆ ಎರಡು ಸಲ ಬೆರಳಲ್ಲಿ ತಟ್ಟುತ್ತಾನೆ. 'ಚ್ಚ್' ಅನ್ನುತ್ತಾನೆ. ರೋಗಿಯ ಮುಂದೆ ಬೇಡ, ಹೊರಗೆ ಬನ್ನಿ ಅನ್ನುವ ವೈದ್ಯರ ಮುಖ ಮಾಡಿಕೊಂಡು ಕೇಳುತ್ತಾನೆ: "ಎಷ್ಟನೇ ಇಸವಿದು ಅಕ್ಕಾ ಇದು?"

ಅವನಿಗೆ ಗೊತ್ತು. ಪ್ರತಿ ಸಲವೂ ಕೇಳುತ್ತಾನೆ. ನಾನೂ ಪ್ರತಿ ಸಲ ಹೇಳುತ್ತೇನೆ, 2012. ಆಗ ಕಣ್ಣು ಮುಚ್ಚಿ ಏನೋ ಲೆಕ್ಕ ಹಾಕಿ, ನಿಟ್ಟುಸಿರು ಬಿಟ್ಟು, "ಇಷ್ಟು ದಿನ ಬಂದಿದ್ದೇ ಪುಣ್ಯ" ಅನ್ನುತ್ತಾನೆ. ಬ್ಯಾಟರಿ ಊದಿಕೊಂಡಾಗಲೂ ಅದೇ ಮಾತು. ಫ್ಯಾನು ಗೊರಕೆ ಹೊಡೆದಾಗಲೂ ಅದೇ. ಹಳೇ ಡಿಸ್ಕ್ ತೆಗೆಸಿ ಅದರ ಜಾಗಕ್ಕೆ ವೇಗದ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಲ್ಯಾಪ್‌ಟಾಪ್ ಹುಡುಗನ ಥರ ಎದ್ದು ಕೂತಿತಲ್ಲ, ಆಗಲೂ ಅದೇ ಅಂದ, ಆದರೆ ಸ್ವಲ್ಪ ಬೇಜಾರಿನಿಂದ. ಹೋದ ವರ್ಷ ನನ್ನ ಮಂಡಿ ಹಿಡಿದುಕೊಂಡಾಗ ನೋಡಲು ಬಂದವನು ಮಂಡಿಯ ಮೇಲೆ ಎರಡು ಸಲ ತಟ್ಟಿ, ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನಾದ.

"ಇದನ್ನ ಬಿಟ್ಟುಬಿಡು ಅಕ್ಕ. ಈಗೆಲ್ಲ ಎಷ್ಟು ತೆಳ್ಳಗೆ ಬಂದಿವೆ ಗೊತ್ತಾ?" ಅಂದ.

ಗೊತ್ತು. ಅದೇ ನನ್ನ ತಕರಾರು. ನನ್ನ ಹಳೇ ಯಂತ್ರದ ಕೀ ಒತ್ತಿದರೆ ಎರಡು ಮಿಲಿಮೀಟರಿಗೂ ಜಾಸ್ತಿ ಕೆಳಗಿಳಿದು, ಮತ್ತೆ ಬೆರಳನ್ನು ಎತ್ತಿ ಕಳಿಸುತ್ತದೆ. ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ಒಂದು, ಒಂದೂವರೆ ಮಿಲಿಮೀಟರು ಇಳಿದರೆ ಹೆಚ್ಚು. ಗಂಟೆಗಟ್ಟಲೆ ಟೈಪ್ ಮಾಡಿದರೆ ಮೇಜಿನ ಮೇಲೆ ಬೆರಳು ಕುಟ್ಟಿದ ಹಾಗೆ. 2015ರಲ್ಲಿ ಆಪಲ್‌ನವರು ಇನ್ನೂ ತೆಳುವಾಗಲಿ ಅಂತ ಚಿಟ್ಟೆಯ ರೆಕ್ಕೆಯಂಥ ಕೀಬೋರ್ಡ್ ತಂದರು. ಇಳಿತ ಸುಮಾರು ಅರ್ಧ ಮಿಲಿಮೀಟರು. ಒಂದು ಧೂಳಿನ ಕಣ ಹೊಕ್ಕರೆ ಕೀ ಅಂಟಿಕೊಳ್ಳುತ್ತಿತ್ತು, ಇಲ್ಲವೇ ಒಂದರ ಬದಲು ಎರಡು ಅಕ್ಷರ ಮೂಡುತ್ತಿತ್ತು. 2018ರಲ್ಲಿ ಉಚಿತ ರಿಪೇರಿಯ ಯೋಜನೆ ಪ್ರಕಟಿಸಿದರು, 2019ರ ಕೊನೆಗೆ ಮತ್ತೆ ಹಳೇ ಕತ್ತರಿ ಕಾಲಿನ ಕೀಗೆ ಮರಳತೊಡಗಿದರು. ಆ ಕಾಲದಲ್ಲಿ ಅವರು ಕೊಟ್ಟ ಸಲಹೆಯೊಂದು ನನಗೆ ಬಹಳ ಇಷ್ಟ. ಲ್ಯಾಪ್‌ಟಾಪನ್ನು 75 ಡಿಗ್ರಿ ಓರೆಯಾಗಿ ಹಿಡಿದು ಗಾಳಿ ಊದಬೇಕು. 70 ಅಲ್ಲ, 80 ಅಲ್ಲ.

ನನ್ನದು ಆ ಕಂಪನಿಯದಲ್ಲ. ಆದರೂ ಮನುಷ್ಯನಿಗೆ ಆಸೆ ಅಂತ ಒಂದಿರುತ್ತಲ್ಲ. ತಮ್ಮ ಹೋದ ಮೇಲೆ ಮಗಳ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತಂದೆ. ಎಡಗೈಯಲ್ಲಿ ಲ್ಯಾಪ್‌ಟಾಪ್, ಬಲಗೈಯಲ್ಲಿ ಕೋನಮಾಪಕ. ಊದಲು ಬಾಯಿ ಖಾಲಿ ಇತ್ತು, ಪುಣ್ಯ. ಜೋರಾಗಿ ಊದಿದೆ. ಎಫ್ ಅಡಿಯಿಂದ ಏನೂ ಹೊರಡಲಿಲ್ಲ. ಸ್ಪೇಸ್ ಬಾರಿನ ಅಡಿಯಿಂದ ಮಾತ್ರ ಹದಿಮೂರು ವರ್ಷದ ಧೂಳು ಎದ್ದು ನನ್ನ ಕಣ್ಣಿಗೇ ಬಂತು. ಅದೇ ಹೊತ್ತಿಗೆ ಒಳಗೆ ಬಂದ ಮಗಳು, ಕಣ್ಣೀರು ಸುರಿಸುತ್ತಾ ಲ್ಯಾಪ್‌ಟಾಪ್ ಅಪ್ಪಿಕೊಂಡು ಕೂತ ಅಮ್ಮನನ್ನು ನೋಡಿ, ಬಂದ ಹಾಗೇ ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಮರುದಿನ ಎಫ್‌ನ ಟೋಪಿಯನ್ನೇ ಎಬ್ಬಿಸಿ ತೆಗೆದೆ. ಅದು ಹಾರಿ ಮಂಚದ ಕೆಳಗೆ ಹೋಯಿತು, ಆ ಕಥೆ ಬಿಡಿ. ಟೋಪಿಯ ಅಡಿಯಲ್ಲಿ ಕತ್ತರಿಯಂತೆ ಮಡಚುವ ಪುಟ್ಟ ಪ್ಲಾಸ್ಟಿಕ್ ಕಾಲು, ನಡುವೆ ರಬ್ಬರಿನ ಗುಮ್ಮಟ. ಅದರ ಅಡಿಯಲ್ಲಿ ಮೂರು ಪದರದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಮೇಲಿನದರಲ್ಲೂ ಕೆಳಗಿನದರಲ್ಲೂ ಕರೆಂಟು ಹರಿಯುವ ಗೆರೆ, ನಡುವಿನದರಲ್ಲಿ ತೂತು. ಒತ್ತಿದಾಗ ತೂತಿನೊಳಗೆ ಮೇಲಿನ ಗೆರೆ ಕೆಳಗಿನದನ್ನು ಮುಟ್ಟಬೇಕು. ಅಷ್ಟೇ ಕೆಲಸ. ನನ್ನ ಎಫ್ ಅಡಿಯಲ್ಲಿ ಅವೆರಡೂ ಮಾತು ಬಿಟ್ಟಿವೆ.

ನಡುವೆ ಒಂದು ಉಪಾಯ ಮಾಡಿದ್ದೆ. ಹಳೇ ಫೈಲಿನಿಂದ ಅರ್ಧಾಕ್ಷರದ ಬಾಲವೊಂದನ್ನು ಕಾಪಿ ಮಾಡಿಟ್ಟುಕೊಂಡು, ಬೇಕಾದ ಕಡೆಯೆಲ್ಲ ಪೇಸ್ಟ್ ಮಾಡುವುದು. 'ಸ್ವಾತಂತ್ರ್ಯ' ಅನ್ನುವ ಒಂದೇ ಪದಕ್ಕೆ ಮೂರು ಸಲ ಅಂಟಿಸಬೇಕು. ಅದನ್ನೂ ಸಹಿಸಿಕೊಂಡೆ. ಆದರೆ ಮಧ್ಯದಲ್ಲಿ ಕರೆಂಟ್ ಬಿಲ್ ಕಟ್ಟಲು ಗ್ರಾಹಕ ಸಂಖ್ಯೆ ಕಾಪಿ ಮಾಡಿದ್ದು ಮರೆತುಹೋಯಿತು. ಸ್ಮರಣ ಸಂಚಿಕೆಯ ಅಧ್ಯಕ್ಷರ ಹೆಸರಿನ ನಡುವೆ ಹತ್ತಂಕಿ ಸಂಖ್ಯೆ ಬಂದು ಕೂತಿತು. ಬೇರೆ ಕೀಬೋರ್ಡ್ ತಂದು ಸಿಕ್ಕಿಸಿ ನೋಡಿದೆ. ಇಡಲು ಜಾಗವಿಲ್ಲದೆ ಲ್ಯಾಪ್‌ಟಾಪಿನ ಕೀಬೋರ್ಡ್ ಮೇಲೆಯೇ ಇಟ್ಟೆ. ಕೆಳಗಿನ ಕೀಗಳು ಅದುಮಿಕೊಂಡು ಪುಟ ತುಂಬ ಳಳಳಳಳ.

ತಮ್ಮನಿಗೆ ಪಾಪ, ಮನಸ್ಸು ಕೆಟ್ಟದ್ದಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದು, ವಿಂಡೋಸ್ 11 ಇಂಥ ಹಳಬರನ್ನು ಒಳಗೆ ಬಿಟ್ಟುಕೊಳ್ಳಲ್ಲ ಅಂದಾಗ, ಗೊಣಗುತ್ತಲೇ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನು ಅವನೇ. ಅದರಲ್ಲೂ ನಮ್ಮ ಕಗಪ ಕೀಲಿಮಣೆ, ಅಂದರೆ ನುಡಿಯಲ್ಲಿ ಕಲಿತ ಅದೇ ವಿನ್ಯಾಸ, ಸಿಕ್ಕಿತು. ಈ ಸಲವೂ ಶನಿವಾರ ಸಂಜೆ ಫೋನ್ ಮಾಡಿದ. "ಅಕ್ಕಾ, ನಿನ್ನ ಮಾಡೆಲ್‌ಗೆ ಹೊಂದೋ ಕೀಬೋರ್ಡ್ ಒಂದು ಸಿಕ್ಕಿದೆ. ಹಳೇ ಲ್ಯಾಪ್‌ಟಾಪ್ ಅಲ್ವಾ, ಹಿಂದೆ ಎರಡು ಸ್ಕ್ರೂ ಬಿಚ್ಚಿ ರಿಬ್ಬನ್ ಕೇಬಲ್ ಎಳೆದ್ರೆ ಆಯ್ತು. ಎಷ್ಟೋ ಹೊಸದ್ರಲ್ಲಿ ಕೀಬೋರ್ಡನ್ನ ಮೇಲಿನ ಫಲಕಕ್ಕೇ ಜಡಿದಿರ್ತಾರೆ." ಮೊದಲ ಬಾರಿಗೆ ಅವನ ಬಾಯಲ್ಲಿ ಹಳೆಯದಕ್ಕೆ ಒಂದು ಒಳ್ಳೇ ಮಾತು ಬಂತು.

ನಾನು ತಕ್ಷಣ ಹೂಂ ಅನ್ನಬೇಕಿತ್ತು.

ಈ ಲ್ಯಾಪ್‌ಟಾಪನ್ನು ಮೊದಲ ಆರು ವರ್ಷ ಬಳಸಿದ್ದು ಅಪ್ಪ. ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ನಿವೃತ್ತಿಯಾದ ಮೇಲೆ ತಮ್ಮ ನೌಕರಿಯ ನೆನಪುಗಳನ್ನು ಇದರಲ್ಲಿ ಟೈಪ್ ಮಾಡುತ್ತಿದ್ದರು. ಮೂರು ಕಾರ್ಬನ್ ಪ್ರತಿ ತೆಗೆಯುವವರ ಹಾಗೆ ಕುಟ್ಟುತ್ತಿದ್ದರು. ಸಾಲು ಮುಗಿಯುತ್ತಾ ಬಂದರೆ ಎಡಗೈ ತಾನಾಗಿ ಮೇಲೆದ್ದು, ಅಲ್ಲಿ ಇಲ್ಲದ ಟೈಪ್‌ರೈಟರ್ ಸನ್ನೆಕೋಲೊಂದನ್ನು ಬಲಕ್ಕೆ ತಳ್ಳಿ ವಾಪಸ್ ಬರುತ್ತಿತ್ತು. ದಾರಿಯಲ್ಲಿ ಏನಿದ್ದರೂ ಬೀಳುತ್ತಿತ್ತು. ಎರಡು ಲೋಟ, ಒಂದು ಮೇಜಿನ ದೀಪ, ಒಂದು ಸಲ ನನ್ನ ಕನ್ನಡಕ. "ಸಾಲು ತಾನೇ ಕೆಳಗೆ ಹೋಗುತ್ತೆ ಅಪ್ಪ" ಅಂತ ನಾನು ಎಷ್ಟು ಸಲ ಹೇಳಿದ್ದೇನೋ. "ಹೋಗುತ್ತೆ ಕಣಮ್ಮ, ಆದ್ರೆ ಗಂಟೆ ಹೊಡಿಯಲ್ವಲ್ಲ" ಅನ್ನುತ್ತಿದ್ದರು. ಆ ಕುಟ್ಟಿಗೆ ಎ, ಎನ್, ಎಲ್ ಮೇಲಿನ ಅಕ್ಷರ ಪೂರ್ತಿ ಅಳಿಸಿವೆ. ಎಫ್ ಮೇಲೆ ಉಗುರಿನ ಅಗಲಕ್ಕೆ ಒಂದು ಸವಕಲು ಹಳ್ಳ. ನನ್ನ ಬೆರಳು ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಅವರ ಬೆರಳು ದಪ್ಪ ಇತ್ತು.

"ಆ ಕೀಬೋರ್ಡ್ ತಗೊಂಡು ಇಟ್ಟಿರು, ಈಗಲೇ ಹಾಕೋದು ಬೇಡ" ಅಂದೆ. ಅವನು ಯಾಕೆ ಅಂತ ಕೇಳಲಿಲ್ಲ. ಲೆಕ್ಕ ಹಾಕಲಿಲ್ಲ, ಪುಣ್ಯದ ಮಾತೂ ಎತ್ತಲಿಲ್ಲ. ಭಾನುವಾರ ಬಂದು ಏನೋ ಮಾಡಿ ಕ್ಯಾಪ್ಸ್ ಲಾಕ್ ಒತ್ತಿದರೆ ಎಫ್ ಬರುವ ಹಾಗೆ ಮಾಡಿಕೊಟ್ಟ. ಜೀವಮಾನದಲ್ಲಿ ನಾನು ಬೇಕು ಅಂತ ಒಮ್ಮೆಯೂ ಒತ್ತದ ಕೀ ಅದು. ಈಗ ಕನ್ನಡದ ಒತ್ತೆಲ್ಲ ಅದರ ಪಾಲಿಗೆ. ತೋರುಬೆರಳಿನ ಕೆಲಸವನ್ನು ಕಿರುಬೆರಳು ಮಾಡುತ್ತಿದೆ, ರಾತ್ರಿ ಹೊತ್ತಿಗೆ ಅದು ಸೆಟೆದುಕೊಂಡು ಎಲ್ಲರಿಂದ ದೂರ ನಿಲ್ಲುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ ಬರೆಯಲು ಕೂತರೆ ಅಭ್ಯಾಸಬಲದಿಂದ ಕ್ಯಾಪ್ಸ್ ಲಾಕ್ ಒತ್ತಿ, ಅಲ್ಪಪ್ರಾಣಗಳೆಲ್ಲ ಒಮ್ಮೆಲೇ ಮಹಾಪ್ರಾಣ. ಇರಲಿ. ಅಪ್ಪ, ಅಮ್ಮ, ತಮ್ಮ ಎಲ್ಲ ವಾಪಸ್ ಬಂದರು. ಅತ್ತೆಯೂ.

ಸ್ಮರಣ ಸಂಚಿಕೆಯ ಕರಡು ಇನ್ನೂ 60 ಪುಟ ಬಾಕಿ ಇದೆ. ಮುಗಿಸಿಬಿಡೋಣ ಅಂದರೆ ನಿನ್ನೆಯಿಂದ ಎಫ್ ಪಕ್ಕದ ಜಿ ಕೀ ಸತಾಯಿಸಲು ಶುರು ಮಾಡಿದೆ. ಜಿ ಅಂದರೆ ಗ. ಗಂಡನಿಗೆ ಇನ್ನೂ ಹೇಳಿಲ್ಲ.