ಕ್ಯಾಂಡಿಡೇಟ್ ತೊಟ್ಟ ಬಿಳಿ ಬಟ್ಟೆ

"ಈ ಸಲ ನಿಮ್ಮ ವಾರ್ಡಿಗೆ ಕ್ಯಾಂಡಿಡೇಟ್ ಯಾರು?" ಚುನಾವಣೆ ಬಂದರೆ ಟೀ ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ಇದು. ಪರೀಕ್ಷೆ ಬರೆಯುವವರೂ ಕ್ಯಾಂಡಿಡೇಟ್, ಕೆಲಸಕ್ಕೆ ಅರ್ಜಿ ಹಾಕಿದವರೂ ಕ್ಯಾಂಡಿಡೇಟ್. ಇದರ ಲ್ಯಾಟಿನ್ ಮೂಲ ಕಾಂಡಿಡಾಟುಸ್. ಹಾಗಂದರೆ ಬೆಳ್ಳನೆಯ ಬಟ್ಟೆ ತೊಟ್ಟವನು, ಅಷ್ಟೇ.

ಹಳೆಯ ರೋಮ್‌ನಲ್ಲಿ ಗಂಡಸರು ಟೋಗಾ ಅನ್ನುವ ಉಣ್ಣೆಯ ಬಟ್ಟೆ ಹೊದೆಯುತ್ತಿದ್ದರು. ಉಣ್ಣೆಯ ಬಣ್ಣ ತುಸು ಮಾಸಲು. ಚುನಾವಣೆಗೆ ನಿಂತವನು ಅದಕ್ಕೆ ಸೀಮೆಸುಣ್ಣ ತಿಕ್ಕಿಸಿ, ಬೆಳ್ಳಗೆ ಹೊಳೆಯುತ್ತಾ ಊರ ಚೌಕಕ್ಕೆ ಬರುತ್ತಿದ್ದ. ಗುಂಪಿನಲ್ಲಿ ಎದ್ದು ಕಾಣಬೇಕಲ್ವಾ? ಓಟಿಗಾಗಿ ಬಟ್ಟೆಗೆ ಬಿಳಿ ಬಳಿಯಬಾರದು ಅಂತ ಕ್ರಿ.ಪೂ. 432ರಲ್ಲಿ ಕಾನೂನೇ ತಂದರು ಎಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಆದರೂ ಆ ರೂಢಿ ಹೋಗಲಿಲ್ಲ. ಕ್ರಿ.ಪೂ. 64ರಲ್ಲಿ ರೋಮ್‌ನ ರಾಜಕಾರಣಿ ಸಿಸೆರೋ ತನ್ನ ಎದುರಾಳಿಗಳ ಮೇಲೆ ಹರಿಹಾಯ್ದ ಭಾಷಣಕ್ಕೆ 'ಬಿಳಿ ಟೋಗಾದಲ್ಲಿ' ಅನ್ನುವ ಹೆಸರೇ ಉಳಿದಿದೆ.

ನನಗೆ ಮರೆಯಲು ಆಗದ ಸಂಗತಿ ಇನ್ನೊಂದು. ಓಟು ಕೇಳಲು ಹೊರಟವರು ಒಳಗೆ ಅಂಗಿ ತೊಡದೆ, ಬರೀ ಟೋಗಾದಲ್ಲಿ ಬರುತ್ತಿದ್ದರಂತೆ. ಯಾಕೆ ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಕೇಳುತ್ತಾನೆ. ಯುದ್ಧದಲ್ಲಾದ ಗಾಯದ ಗುರುತು ಜನರಿಗೆ ಕಾಣಲಿ ಅಂತ ಇರಬಹುದು. ಇಲ್ಲವೇ ಲಂಚದ ದುಡ್ಡನ್ನು ಮಡಿಲಲ್ಲಿ ಬಚ್ಚಿಟ್ಟು ತರದಿರಲಿ ಅಂತ ಇರಬಹುದು. ಎರಡು ಸಾವಿರ ವರ್ಷದ ಹಿಂದಿನ ಮತದಾರರಿಗೂ ನಮ್ಮದೇ ಭಯ! ಓಟಿಗೆ ದುಡ್ಡು ಹಂಚುವ ಅಪರಾಧಕ್ಕೆ ಅವರು ಆಂಬಿಟುಸ್ ಅನ್ನುತ್ತಿದ್ದರು. ನಾವು ಮಕ್ಕಳಿಗೆ ಇರಲಿ ಅಂತ ಬಯಸುವ ಆಂಬಿಷನ್ ಅದರ ಒಡಹುಟ್ಟು. ಎರಡರ ಮೂಲದಲ್ಲೂ ಇರುವುದು ಸುತ್ತಾಡುವ ಅರ್ಥ.

ಕ್ಯಾಂಡಿಡೇಟ್‌ನ ಬೇರಿನಲ್ಲಿ ಹೊಳಪಿದೆ. ಕ್ಯಾಂಡಲ್ ಬಂದದ್ದೂ ಅಲ್ಲಿಂದಲೇ. ಸಂಸ್ಕೃತದ ಚಂದ್ರ ಕೂಡ ಅದೇ ಹಳೆಯ ಬೇರಿನ ಕುಡಿ. ಅಂದರೆ ಕೂಸಿಗೆ ತುತ್ತು ಕೊಡುವಾಗ ತೋರಿಸುವ ಚಂದಿರನಿಗೂ ಈ ಪದಕ್ಕೂ ದೂರದ ನೆಂಟಸ್ತಿಕೆ ಉಂಟು. ಇದು ನನಗೆ ತುಂಬಾ ಖುಷಿ ಕೊಟ್ಟಿತು.

ಆದರೂ ನನಗೆ ಇಷ್ಟವಾಗುವುದು ನಾವು ಬಳಸುವ 'ಅಭ್ಯರ್ಥಿ'. ಅರ್ಥಿ ಅಂದರೆ ಬೇಡುವವನು. ರೋಮನ್ನರ ಬಳಿಯೂ ಇಂಥದೇ ಪದ ಇತ್ತು, ಪೆಟಿಟೋರ್, ಕೇಳಿಕೊಳ್ಳುವವನು. ಚುನಾವಣೆಗೆ ನಿಂತವನಿಗೆ ಇಂಗ್ಲಿಷ್ ಅದನ್ನು ಬಿಟ್ಟು ಬಟ್ಟೆಯ ಪದ ಹಿಡಿಯಿತು. ನಮ್ಮ ಪದದಲ್ಲಿ ಬೇಡುವುದು ಹಾಗೇ ಉಳಿದಿದೆ. ಅಂಗಳಕ್ಕೆ ಬಂದು ಕೈಮುಗಿದವರು ಯಾಕೆ ಬಂದಿದ್ದಾರೆ, ಕೊಡುವವರು ಯಾರು, ಎರಡನ್ನೂ ಅದು ನೇರವಾಗಿ ಹೇಳುತ್ತದೆ. ನಾನಂತೂ ಈಗ ಟೀ ಅಂಗಡಿಯಲ್ಲೂ ಅಭ್ಯರ್ಥಿ ಅಂತಲೇ ಹೇಳುತ್ತೇನೆ.