ಮಂಡಗದ್ದೆಯ ಹಕ್ಕಿಗಳ ರಕ್ತದ ಕುರಿತು ಸ್ಪಷ್ಟನೆ

ಮಂಡಗದ್ದೆಯ ಬೆಳ್ಳಕ್ಕಿಗಳ ಚಿತ್ರದೊಡನೆ, ‘ಹಿಮಾಲಯ ದಾಟಿ ಬರುವ ಇವುಗಳ ರಕ್ತವೇ ತಣ್ಣಗಿರುವುದರಿಂದ ಚಳಿ ತಾಗದು’ ಎಂಬ ಸಂದೇಶ ಶಿವಮೊಗ್ಗದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಸರಿಯಲ್ಲ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳು ನಮ್ಮ ನಾಡಿನವೇ. ಹಿಮಾಲಯ ದಾಟುವ ಹಕ್ಕಿಗಳಲ್ಲಿ ಪಟ್ಟೆತಲೆ ಹೆಬ್ಬಾತು ಒಂದು, ಅದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅದರ ರಕ್ತವೂ ಬಿಸಿಯೇ, ಸುಮಾರು 41 ಡಿಗ್ರಿ ಸೆಲ್ಸಿಯಸ್. ರೆಕ್ಕೆ ಬಡಿಯುವ ಸ್ನಾಯುಗಳು ವ್ಯಯಿಸುವ ಶಕ್ತಿಯ ಬಹುಪಾಲು ಶಾಖವಾಗುತ್ತದೆ; ತುಪ್ಪುಳ ಅದನ್ನು ಹಿಡಿದಿಡುತ್ತದೆ. ಇನ್ನು ಕಾಲಿನ ವ್ಯವಸ್ಥೆಯಂತೂ ನಿಜಕ್ಕೂ ಸೋಜಿಗ: ಪಾದದತ್ತ ಇಳಿಯುವ ಬಿಸಿ ರಕ್ತದ ನಾಳಕ್ಕೆ ಒತ್ತಿಕೊಂಡೇ ತಣ್ಣನೆಯ ರಕ್ತ ಮೇಲೇರುವ ನಾಳಗಳಿರುವುದರಿಂದ, ಶಾಖ ದಾರಿಯಲ್ಲೇ ಅವುಗಳಿಗೆ ದಾಟಿ ಮೈಗೆ ಮರಳುತ್ತದೆ. ಮೈ ಬಿಸಿಯೇರಿದರೆ ಕಾಲಿಗೆ ಹೆಚ್ಚು ರಕ್ತ ಹರಿಸಿ ಶಾಖವನ್ನು ಹೊರಬಿಡುವುದೂ ಉಂಟು.